ಎಡಗೈಯ ಗ್ಲೌಸು

ಹುಫೂಫಿನ ಖರ್ಜೂರದ ಫ್ಯಾಕ್ಟರಿ, ಹಿಂದಿನ ಶೆಡ್ಡು.
ಹಣ್ಣಿನ ಪರಿಮಳ ಇಲ್ಲಿಯವರೆಗೆ ಬರುವುದಿಲ್ಲ.
ಬರುವುದು ಬೀಜ ಸುಟ್ಟ ವಾಸನೆ,
ಕಾಫಿ ಹುರಿಯಲಿಟ್ಟು ಯಾರೋ
ಬೀದಿಯ ಮಾತಿಗೆ ನಿಂತುಬಿಟ್ಟ ಹಾಗೆ.

ಮರಳಿನಡಿ, ಬಹಳ ಕೆಳಗೆ,
ಎಣ್ಣೆ ಮಲಗಿದೆಯಂತೆ. ಇರಲಿ.
ಅದು ಹಡಗು ಹತ್ತಿ ಹೋಗುವಂಥದ್ದು.
ನನ್ನ ಬಾಯ್ಲರು ಉಣ್ಣುವುದು ಬೀಜ, ಖಲಾಸ್ ಖರ್ಜೂರದ್ದು.
ನಮ್ಮ ಕಡೆ ಮುಗಿದುಹೋದದ್ದಕ್ಕೆ ಖಲಾಸ್ ಅಂತೇವೆ,
ಇಲ್ಲಿ ಊರಿನ ಎಲ್ಲಕ್ಕಿಂತ ಒಳ್ಳೆಯ ಹಣ್ಣಿಗೆ.

ಮೇಲೆ ಹಾಪರು. ಅದರ ಬುಡದಲ್ಲಿ ಉದ್ದನೆಯ ಸ್ಕ್ರೂ,
ನಿಮಿಷಕ್ಕೆ ಹನ್ನೊಂದು ಸುತ್ತು,
ಸುತ್ತಿಗೊಂದು ಬೊಗಸೆ.
ಆಮೇಲೆ ಸರಪಳಿಯ ಜಾಲರಿ, ತೆವಳುವ ಒಲೆ:
ಈ ತುದಿಯಲ್ಲಿ ಬೀಜ, ಆ ತುದಿಯಲ್ಲಿ ಬೂದಿ,
ನಡುವೆ ಹದಿನೆಂಟು ನಿಮಿಷ.
ನನ್ನ ಕೆಲಸ ನೋಡುವುದು,
ಗಂಟೆಗೊಮ್ಮೆ ಬರೆಯುವುದು.
ಇಕಾಮಾದಲ್ಲಿ ಮಾತ್ರ ವೃತ್ತಿ: ವಕ್ಕಾದ್.
ಒಲೆಗೆ ಉರಿಯಿಡುವವ ಅಂತ ಅರ್ಥವಂತೆ.
ಖಿಮ್ ಬಹಾದೂರ್ ಯಾರ ಕೈಲೋ ಓದಿಸಿಕೊಂಡು ಬಂದು
ಎರಡು ದಿನ ನಕ್ಕಿದ್ದ.

ಅಪ್ಪ ಗದಗ ಲೈನಿನಲ್ಲಿ ಫೈರ್‌ಮನ್. ಮೀಟರ್ ಗೇಜು.
"ಬೆಂಕಿಗಿ ಹೊಟ್ಟಿತುಂಬ ಉಣಸಬ್ಯಾಡ,
ದ್ವಾಸಿ ಹಿಟ್ಟಿನಂಗ ತೆಳ್ಳಗ ಹರವು,
ಮೂಲಿ ಮರೀಬ್ಯಾಡ."
ನನಗೆ ಹೇಳಿದ್ದಲ್ಲ ಇದು.
ನಿದ್ದೆಯಲ್ಲಿ, ಗೋಡೆಯ ಕಡೆ ಮುಖ ಮಾಡಿ,
ಬಲ ಮಣಿಕಟ್ಟು ಕೌದಿಯ ಮೇಲೆ ತಿರುಗಿಸುತ್ತ
ಯಾವನೋ ಹೊಸಬನಿಗೆ ಹೇಳುತ್ತಿದ್ದ.
ನಾನು ಪಕ್ಕದಲ್ಲಿ ಮಲಗಿ ಕೇಳಿಸಿಕೊಂಡೆ, ಅಷ್ಟೆ.

ಮೊನ್ನೆ ರಾತ್ರಿ ಮೂರೂ ಹತ್ತಕ್ಕೆ
ಸ್ಕ್ರೂ ಒಮ್ಮೆ ಕೆಮ್ಮಿ ನಿಂತಿತು.
ಮೋಟಾರು ಗುಂಯ್ ಎಂದು ಟ್ರಿಪ್ಪಾಯಿತು.
ಮುಳ್ಳು ಒಂಬತ್ತರ ಮೇಲಿತ್ತು.
ಆಚೆ ಪಾಕದ ಕಡಾಯಿಗಳು ತುಂಬಿ ಕುದಿಯುತ್ತಿದ್ದವು,
ಏಳರ ಕೆಳಗಿಳಿದರೆ ಪಾಕ ಕಟ್ಟುತ್ತದೆ,
ಬೆಳಗ್ಗೆ ಪೈಪುಗಳನ್ನು ಸುತ್ತಿಗೆಯಲ್ಲಿ ಒಡೆಯಬೇಕು.

ಖಿಮ್ ಸ್ವಿಚ್ಚಿಗೆ ಬೀಗ ಜಡಿದ,
ಕೀಲಿ ಕೊರಳಿಗೆ ಹಾಕಿಕೊಂಡ,
ಮುಚ್ಚಳದ ಎಂಟು ಬೋಲ್ಟು ಬಿಚ್ಚಿ
ಟಾರ್ಚು ಬಿಟ್ಟು ನೋಡಿದ.
"ದಾಜು," ಅಂದ. ಮುಂದೆ ಮಾತಿಲ್ಲ.
ಪೇಚಿನ ನಡುವೆ ಹಸಿರು ಬೆರಳುಗಳು.
ರಬ್ಬರಿನವು.
ಹಿಸುಕಿ ನೋಡಲು ಇಬ್ಬರಿಗೂ ಕೈ ಬರಲಿಲ್ಲ.
ಆಮೇಲೆ ಅವನೇ ಹಿಸುಕಿದ. ಖಾಲಿ.

ಖಾಲಿಯಾದರೂ ಬಿಗಿದು ಸುತ್ತಿಕೊಂಡಿತ್ತು.
ಅವನು ಬ್ಲೇಡಿನಲ್ಲಿ ಕೊಯ್ಯುತ್ತ ಕೂತ.
ನಾನು ಬೂದಿ ಎತ್ತುವ ಸಲಿಕೆ ತಂದು
ಬೆಂಕಿಯ ಬಾಗಿಲು ತೆಗೆದೆ.

ಮೊದಲ ಸಲಿಕೆ ಬಾಗಿಲಲ್ಲೇ ಚೆಲ್ಲಿತು.
ಎರಡನೆಯದು ಒಂದೇ ಕಡೆ ಗುಪ್ಪೆ ಬಿದ್ದು ಕಪ್ಪು ಹೊಗೆ.
ಹತ್ತನೆಯದೋ ಹನ್ನೆರಡನೆಯದೋ, ಎಣಿಸಲಿಲ್ಲ,
ಮಣಿಕಟ್ಟು ತಾನಾಗಿ ತಿರುಗಿತು.
ಬೀಜಗಳು ಹರಡಿಕೊಂಡವು, ತೆಳ್ಳಗೆ,
ಮೂಲೆಯವರೆಗೆ.
ಬಾಗಿಲು ಹಾಕು, ಮುಳ್ಳು ನೋಡು, ಬಾಗಿಲು ತೆಗೆ.
ಏಳೂವರೆ. ಏಳೂ ಕಾಲು.
ಹುಬ್ಬು ಸುಟ್ಟ ವಾಸನೆ ನನ್ನದೇ.
ಏಳೂ ಕಾಲಲ್ಲಿ ಮುಳ್ಳು ನಿಂತಿತು,
ಹಟ ಬಿಟ್ಟ ಕೂಸಿನ ಹಾಗೆ.

ಮೂರೂ ಐವತ್ತಕ್ಕೆ ಸ್ಕ್ರೂ ಮತ್ತೆ ತಿರುಗಿತು.
ಪುಸ್ತಕದಲ್ಲಿ ಬರೆದೆ: ಫೀಡರ್ ನಲವತ್ತು ನಿಮಿಷ ಬಂದ್.
ಒತ್ತಡ: ಸಾಧಾರಣ.
ಬೆಳಗ್ಗೆ ಇಂಜಿನಿಯರ್ ಶಾಕಿರ್ ಎರಡು ಸಲ ಓದಿ
ಕನ್ನಡಕ ತೆಗೆದು ಕೇಳಿದ: ಸಾಧಾರಣ ಹೇಗೆ?
ಸಲಿಕೆ ತೋರಿಸಿದೆ.
ಅದನ್ನು ಬರೆಯುವ ಕಾಲಮ್ಮು ಇಲ್ಲ, ಅಂದ.
ಆಮೇಲೆ ಚಹಾ ತರಿಸಿದ.

ಗ್ಲೌಸಿನಲ್ಲಿ ಉಳಿದಷ್ಟನ್ನು ತೊಳೆದು
ವಾಲ್ವಿನ ಚಕ್ರಕ್ಕೆ ನೇತುಹಾಕಿದೆವು. ಎಡಗೈಯದು.
ಬೀಜ ತೆಗೆಯುವ ಲೈನಿನವರು ಒಬ್ಬೊಬ್ಬರಾಗಿ ಬಂದರು,
ನೋಡಿದರು, ನನ್ನದಲ್ಲ ಅಂದರು,
ನಾವು ಕೇಳದಿದ್ದರೂ
ಎಡಗೈ ಎತ್ತಿ ತೋರಿಸಿ ಹೋದರು.

ಇನ್ನೂ ಅಲ್ಲೇ ಇದೆ. ಒಣಗಿ ಬಿರುಸಾಗಿದೆ.
ಕಿರುಬೆರಳೊಳಗೆ ಒಂದು ಬೀಜ ಸಿಕ್ಕಿಕೊಂಡಿದೆ,
ಅಲ್ಲಾಡಿಸಿದರೆ ಸಪ್ಪಳ ಮಾಡುತ್ತದೆ.